ಬೆಕ್ಕು ನಾಯಿ ಮಳೆ: ಹುಲ್ಲು ಮಾಡಿನ ಕಥೆ ಬರೆಸಬೇಡಿ

ಅಕ್ಕಾ, ಮಗಳ ಹೋಮ್‌ವರ್ಕಿಗೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ (ಬೆಕ್ಕು ನಾಯಿಗಳ ಮಳೆ, ಅಂದರೆ ಜೋರು ಮಳೆ) ಎಂಬ ಇಂಗ್ಲಿಷ್ ನುಡಿಗಟ್ಟು ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಅದಕ್ಕೆ ಉತ್ತರವಾಗಿ ಇಬ್ಬರು ಹಾಕಿರುವ ಹುಲ್ಲು ಮಾಡಿನ ಕಥೆಯನ್ನು ಮಾತ್ರ ಬರೆಸಬೇಡಿ. ಹಳೇ ಇಂಗ್ಲೆಂಡಿನಲ್ಲಿ ಬೆಕ್ಕು ನಾಯಿಗಳು ಬೆಚ್ಚಗಿರಲೆಂದು ಮಾಡಿನ ಮೇಲೆ ಮಲಗುತ್ತಿದ್ದವಂತೆ, ಜೋರು ಮಳೆಗೆ ಜಾರಿ ಬೀಳುತ್ತಿದ್ದವಂತೆ! 1999ರ ಸುಮಾರಿಗೆ ಈಮೇಲ್‌ಗಳಲ್ಲಿ ಹರಿದಾಡಿದ ಕಟ್ಟುಕಥೆ ಇದು. ಆಗ ವಾಟ್ಸಾಪ್ ಇರಲಿಲ್ಲ, ಫಾರ್ವರ್ಡ್ ಮಾಡುವ ಚಟ ಇತ್ತು. ಊರಲ್ಲಿ ಸೋಗೆ ಮನೆ ನೋಡಿದವರಿಗೆ ಗೊತ್ತೇ ಇದೆ, ಮಾಡನ್ನು ಅಷ್ಟು ಇಳಿಜಾರಾಗಿ, ಒತ್ತಾಗಿ ಹೊದಿಸುವುದೇ ನೀರು ನಿಲ್ಲದಿರಲಿ ಅಂತ. ಮಳೆಯಲ್ಲಿ ಅದನ್ನು ಹತ್ತಿ ಮಲಗುವ ನಾಯಿಯನ್ನು ನಾನಂತೂ ಕಂಡಿಲ್ಲ.

ಅಚ್ಚಿನಲ್ಲಿ ಸಿಗುವ ಹಳೆಯ ಸುಳಿವು 1651ರದು. ವೇಲ್ಸ್‌ನ ಕವಿ ಹೆನ್ರಿ ವಾನ್, ನಾಯಿ ಬೆಕ್ಕುಗಳ ಮಳೆಯಿಂದ ಸರಕನ್ನು ಕಾಪಾಡುವ ಗಟ್ಟಿ ಮಾಡಿನ ಬಗ್ಗೆ ಬರೆದ. ನೋಡಿ, ಅಲ್ಲಿ ಮಾಡು ಅವುಗಳನ್ನು ಬೀಳಿಸುವುದಲ್ಲ, ತಡೆಯುವುದು! 1653ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮ್‌ನ ನಾಟಕದಲ್ಲಿ ನಾಯಿಯ ಜೊತೆ ಬೀಳುವುದು ಪೋಲ್‌ಕ್ಯಾಟ್ ಎಂಬ ಮುಂಗುಸಿಯಂಥ ಪ್ರಾಣಿ. ನಾವು ಈಗ ಹೇಳುವ ರೂಪದಲ್ಲೇ ಅದನ್ನು 1738ರಲ್ಲಿ ಬಳಸಿದವನು ‘ಗಲಿವರ್ಸ್ ಟ್ರಾವೆಲ್ಸ್’ ಬರೆದ ಜೊನಾಥನ್ ಸ್ವಿಫ್ಟ್.

ಇದೇ ಸ್ವಿಫ್ಟ್ 1710ರ ಕವಿತೆಯೊಂದರಲ್ಲಿ ಲಂಡನ್ನಿನ ಚರಂಡಿ ನೀರಲ್ಲಿ ಸತ್ತ ಬೆಕ್ಕು, ಮುಳುಗಿ ಸತ್ತ ನಾಯಿಮರಿ ತೇಲಿಬರುವುದನ್ನು ವರ್ಣಿಸಿದ್ದಾನೆ. ಮೂಲ ಅದೇ ಅನ್ನುವವರಿದ್ದಾರೆ. ಆದರೆ ವಾನ್ ಬರೆದು ಅಷ್ಟು ಹೊತ್ತಿಗೆ ಸುಮಾರು ಅರವತ್ತು ವರ್ಷ ಆಗಿತ್ತಲ್ಲ! ಬೆಕ್ಕೇ ಯಾಕೆ, ನಾಯಿಯೇ ಯಾಕೆ ಅನ್ನುವುದಕ್ಕೆ ಪಂಡಿತರಲ್ಲಿ ಒಮ್ಮತವಿಲ್ಲ. ಹಾಗೆಂದೇ ಬರೆಯಲಿ, ಟೀಚರ್ ಬೇಡ ಅನ್ನಲಾರರು.

ಇನ್ನೊಂದು ಮಾತು. ಈ ನುಡಿಗಟ್ಟು ನಮ್ಮ ಹೈಸ್ಕೂಲಿನ ವ್ಯಾಕರಣ ಪುಸ್ತಕದಲ್ಲಿ ಉರು ಹೊಡೆದ ಪಾಠ. ಇಲ್ಲಿ ಬ್ರಿಟನ್ನಿನಲ್ಲಿ ಜೋರು ಮಳೆಗೆ ನನ್ನ ಆಫೀಸಿನವರ ಬಾಯಲ್ಲಿ ಕೇಳುವುದು ‘ಚಕಿಂಗ್ ಇಟ್ ಡೌನ್’, ‘ಬಕೆಟಿಂಗ್ ಡೌನ್’. ಬಕೆಟ್ ಅಂದರೆ ಮಕ್ಕಳಿಗೆ ನಮ್ಮ ಕುಂಭದ್ರೋಣ ಮಳೆಯನ್ನೂ ಹೇಳಿಕೊಡಲು ಸುಲಭ. ಕುಂಭ ಅಂದರೆ ಕೊಡ, ದ್ರೋಣ ಹಳೆಯ ಕಾಲದ ಒಂದು ಅಳತೆ. ಮನೆಯಲ್ಲಿ ಕನ್ನಡ ಆಡದ ಮಕ್ಕಳೂ ಕೊಡ ಎತ್ತಿ ಸುರಿಯುವ ಅಭಿನಯ ಮಾಡಿದರೆ ಹಿಡಿದುಬಿಡುತ್ತವೆ.

ಬೆಕ್ಕು ಜಾರುವ ಚಿತ್ರ ಬಿಡಿಸಲೇಬೇಕು ಅಂತ ಮಗಳು ಹಟ ಹಿಡಿದರೆ ಬಿಡಿಸಲಿ ಬಿಡಿ, ಕೆಳಗೆ ‘ಇದು ಸುಳ್ಳು ಕಥೆ’ ಅಂತ ಬರೆಸಿದರಾಯಿತು.