ಪದ ಬೇಕು: 'ಶೇಕರ್' ಕುರ್ಚಿ, ಮತ್ತು ಅದನ್ನು ತೂಗುಹಾಕುವ ಗೋಡೆಪಟ್ಟಿ

ಬಾಸ್ಟನ್‌ನಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ, ಚಿಕ್ಕ ಅಪಾರ್ಟ್‌ಮೆಂಟಿಗೆ ಒಗ್ಗುವ ಮರದ ಸಾಮಾನಿನ ಬಗ್ಗೆ ಬರೆಯುತ್ತಿದ್ದೇನೆ. ಶನಿವಾರ ಕಳಿಸಬೇಕು. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಶೇಕರ್. 1774ರಲ್ಲಿ ಆ್ಯನ್ ಲೀ ಜೊತೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಕ್ರೈಸ್ತ ಪಂಥದವರು ಇವರು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ದೊಡ್ಡ ಮನೆಗಳಲ್ಲಿ ಒಟ್ಟಿಗೆ ಬಾಳುತ್ತಿದ್ದರು. ಅವರ ಮರಗೆಲಸದ ರೀತಿಗೇ ಈಗ ಆ ಹೆಸರು. ಆದರೆ ಕನ್ನಡದಲ್ಲಿ 'ಶೇಕರ್ ಕುರ್ಚಿ' ಅಂತ ಬರೆದರೆ ಶೇಖರ್ ಅನ್ನುವವರ ಅಂಗಡಿಯ ಕುರ್ಚಿ ಅಂತ ಓದಿಕೊಳ್ಳುತ್ತಾರೆ. ನನ್ನ ತಂಗಿಯೇ ಹಾಗೆ ಓದಿದಳು.

ಎರಡನೆಯದು ಇನ್ನೂ ಮುಖ್ಯ. ಅವರ ಕೋಣೆಗಳಲ್ಲಿ ಗೋಡೆಯ ಸುತ್ತ, ಕೈಗೆ ಎಟುಕುವ ಎತ್ತರದಲ್ಲಿ ಮರದ ಪಟ್ಟಿ ಇರುತ್ತದೆ. ಅದರಲ್ಲಿ ಸಾಲಾಗಿ ಪುಟ್ಟ ಮರದ ಗೂಟಗಳು. ಟೋಪಿ, ಕೋಟು, ಕನ್ನಡಿ, ಸಣ್ಣ ಕಪಾಟು ಎಲ್ಲ ಅದಕ್ಕೇ. ನೆಲ ಗುಡಿಸುವಾಗ ಕುರ್ಚಿಯನ್ನೂ ಎತ್ತಿ ತಲೆಕೆಳಗಾಗಿ ಅಲ್ಲೇ ತೂಗುಹಾಕುತ್ತಿದ್ದರು. ಒಂದೇ ಕೋಣೆಯಲ್ಲಿ ಉಣ್ಣಬೇಕು, ಮಲಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಇದಕ್ಕೇನನ್ನಲಿ?

ಮೈಸೂರಿನಿಂದ:

ಎರಡನೆಯದಕ್ಕೆ ಪದ ಆಗಲೇ ಇದೆ: ನಾಗಂದಿಗೆ. ಸಂಸ್ಕೃತದಲ್ಲಿ ನಾಗದಂತ ಅಂದರೆ ಆನೆಯ ದಂತ, ಗೋಡೆಯಿಂದ ಮುಂದಕ್ಕೆ ಚಾಚಿದ ಗೂಟ ಅಂತಲೂ ಅರ್ಥ. ಕಾಮಸೂತ್ರದಲ್ಲಿ ನಾಗರಿಕನ ಕೋಣೆಯ ವರ್ಣನೆ ಬರುವಲ್ಲಿ ವೀಣೆ ತೂಗುಹಾಕುವುದು ನಾಗದಂತಕ್ಕೇ. ನಮ್ಮ ನಾಗಂದಿಗೆ ಅದರ ತದ್ಭವ ಅಂತ ನನ್ನ ಗಟ್ಟಿ ನಂಬಿಕೆ. ಇಷ್ಟು ಹಳೆಯ ಪದ ಮನೆಯಲ್ಲೇ ಇರುವಾಗ ಹೊಸದು ಯಾಕೆ?

ಧಾರವಾಡದಿಂದ:

ವ್ಯುತ್ಪತ್ತಿ ಏನೇ ಇರಲಿ, ಇವತ್ತು ನಾಗಂದಿಗೆ ಅಂದರೆ ಗೋಡೆಗೆ ಹೊಡೆದ ಹಲಗೆ. ಡಬ್ಬಿ, ಪಾತ್ರೆ ಇಡೋದು. ಅದಕ್ಕೆ ಕುರ್ಚಿ ತೂಗುಹಾಕೋಕಾಗಲ್ಲ. ಗಿಳಿಗೂಟ ಅನ್ನಿ. ಅಂಗಿ ತೂಗುಹಾಕುವ ಗೂಟಕ್ಕೆ ಎಷ್ಟೋ ಹಳೆಯ ಮನೆಗಳಲ್ಲಿ ಅದೇ ಹೆಸರು.

ಬೆಂಗಳೂರಿನಿಂದ:

ನಾಗದಂತವೂ ಬೇಡ, ಶೇಕರ್ ಕೂಡ ಬೇಡ. ನಡುಗು ಎಂಬ ಒಳ್ಳೆಯ ಕನ್ನಡ ಬೇರು ಇದೆ. ಆರಾದನೆಯಲ್ಲಿ ಮೈ ನಡುಗಿಸಿ ಕುಣಿಯುತ್ತಿದ್ದರು ಅಂತಲೇ ಹೊರಗಿನವರು ಅವರಿಗೆ ಆ ಹೆಸರು ಕೊಟ್ಟದ್ದು. 'ನಡುಗರು' ಅನ್ನಿ. ಅವರು ತಮ್ಮನ್ನು ನಂಬಿದವರು ಅಂತ ಕರೆದುಕೊಳ್ಳುತ್ತಿದ್ದರು, ಹಾಗಾಗಿ 'ನಂಬಿಗರು' ಇನ್ನೂ ಸರಿ. ಎಲ್ಲದಕ್ಕೂ ಇಂಗ್ಲಿಶ್ ಪದ ಎತ್ತಿ ಹಾಕಿದರೆ ಪದ ಕಟ್ಟುವ ಕಸುವೇ ಬತ್ತುತ್ತದೆ. ಲೇಕನದಲ್ಲಿ 'ಪೀಟೋಪಕರಣ' ಅಂತ ಮಾತ್ರ ಬರೆಯಬೇಡಿ. ಸರಕಾರಿ ಟೆಂಡರಿನ ಹೊರಗೆ ಅದನ್ನು ಯಾರೂ ಆಡುವುದಿಲ್ಲ.

ಮೈಸೂರಿನಿಂದ:

ಮಹಾಪ್ರಾಣ ಬಿಟ್ಟು ಬರೆಯುವವರಿಗೆ ಶೇಕರ್, ಶೇಖರ್ ಎರಡೂ ಒಂದೇ. ಕೇಳಿದವರ ತೊಂದರೆ ನಿಮಗೆ ಅರ್ಥವೇ ಆಗಿಲ್ಲ.

ಶಿರಸಿಯಿಂದ:

ನಮ್ಮದು ಮರಗೆಲಸದ ಮನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

'ನಡುಗರ ಕುರ್ಚಿ' ಅಂದರೆ ಕೂತರೆ ಅಲ್ಲಾಡುವ ಕುರ್ಚಿ ಅಂದುಕೊಳ್ಳುತ್ತಾರೆ. ಕುರ್ಚಿಗೆ ಅದಕ್ಕಿಂತ ಕೆಟ್ಟ ಹೆಸರು ಇಲ್ಲ. ಹೊರಗಿನವರು ಇಟ್ಟ ಹೆಸರು ಅನ್ನುವ ವಾದವೂ ನಿಲ್ಲೋದಿಲ್ಲ. ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್‌ನಲ್ಲಿ ಅವರದೇ ಕುರ್ಚಿ ಕಾರ್ಖಾನೆ ಇತ್ತು. ಮಕ್ಕಳ ಕುರ್ಚಿಗೆ ಸೊನ್ನೆ, ಎಲ್ಲಕ್ಕಿಂತ ದೊಡ್ಡದಕ್ಕೆ ಏಳು ಅಂತ ನಂಬರ್ ಹಾಕಿ ಮಾರುತ್ತಿದ್ದರು. ನಕಲಿಗಳು ಜಾಸ್ತಿಯಾದಾಗ 1870ರ ದಶಕದಲ್ಲಿ ಕುರ್ಚಿಗೆ ಶೇಕರ್ ಅನ್ನುವ ಗುರುತನ್ನೇ ಅಂಟಿಸಿದರು. ಅವರೇ ಒಪ್ಪಿಕೊಂಡ ಹೆಸರನ್ನು ನಾವು ಕಿತ್ತುಹಾಕೋದು ಯಾಕೆ?

ಗಿಳಿಗೂಟವೂ ಇಲ್ಲಿ ಕೂರೋದಿಲ್ಲ. ಅದು ಗಿಳಿಯ ಹಾಗೆ ಕೆತ್ತಿದ ಗೂಟ. ಶೇಕರ್‌ಗಳು 1845ರ ತಮ್ಮ ನಿಯಮಗಳಲ್ಲಿ, ಬರೀ ಅಂದಕ್ಕೆ ಅಂತ ಮಾಡುವ ಅಂಚುಪಟ್ಟಿ, ಕಾರ್ನಿಸ್ ಯಾವುದೂ ಕೂಡದು ಅಂದವರು. ಅವರ ಗೂಟಕ್ಕೆ ಗಿಳಿಯ ಹೆಸರು ಇಟ್ಟರೆ ವಸ್ತುವೇ ತಪ್ಪಿಹೋಗುತ್ತದೆ. ಸುಮ್ನೆ 'ಗೂಟದ ಪಟ್ಟಿ' ಅನ್ನಿ. ಯಾವ ಬಡಗಿಗೆ ಹೇಳಿದರೂ ಮಾಡಿಕೊಡುತ್ತಾನೆ.

ಇನ್ನೊಂದು ಪದ ನೀವು ಕೇಳಿಲ್ಲ, ಆದರೆ ಬೇಕಾಗುತ್ತದೆ. ಆ ಕುರ್ಚಿಗಳ ಕೂರುವ ಜಾಗದಲ್ಲಿ ಹಲಗೆ ಇರೋದಿಲ್ಲ. ಬಣ್ಣದ ಬಟ್ಟೆಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಒಂದರ ಮೇಲೊಂದರ ಕೆಳಗೆ ಹೆಣೆದಿರುತ್ತಾರೆ. ಅದು ನಮ್ಮ ನವಾರು, ಅಲ್ವಾ? ನವಾರು ಮಂಚ ಬಿಗಿದವರಿಗೆ ಈ ಕುರ್ಚಿ ಯಾಕೆ ಇಷ್ಟು ಹಗುರ, ಒಂದೇ ಕೈಯಲ್ಲಿ ಎತ್ತಿ ಗೂಟಕ್ಕೆ ಹಾಕೋಕೆ ಹೇಗೆ ಆಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಿಂದ:

ನವಾರು ಪಾರಸಿ ಪದ.

ಶಿರಸಿಯಿಂದ:

ಮೇಜು ಪಾರಸಿಯದು, ಕುರ್ಚಿ ಅರಬ್ಬಿಯದು, ಅಲಮಾರು ಪೋರ್ಚುಗೀಸರದ್ದು, ಮಂಚ ಸಂಸ್ಕೃತದ್ದು. ಇವನ್ನೆಲ್ಲ ಹೊರಗೆ ಹಾಕಿದರೆ ಮಣೆ, ಚಾಪೆ ಉಳಿಯುತ್ತವೆ. ನೆಲದ ಮೇಲೆ ಕೂರುವ ಸಾಮಾನಿಗೆ ನಮ್ಮಲ್ಲಿ ನಮ್ಮದೇ ಪದ ಇತ್ತು. ಕಾಲಿರುವ ಸಾಮಾನು ಬಂದಾಗ ಪದವೂ ಜೊತೆಗೇ ಬಂತು. ಅದರಲ್ಲಿ ನಾಚಿಕೆ ಏನಿದೆ?

ಬೆಂಗಳೂರಿನಿಂದ:

ಬಂದದ್ದನ್ನು ಯಾರೂ ಹೊರಗೆ ಹಾಕುತ್ತಿಲ್ಲ. ಇನ್ನು ಮುಂದೆ ಬರುವುದಕ್ಕಾದರೂ ನಮ್ಮ ಪದ ಹುಡುಕಿ ಅಂತ ನಾನು ಹೇಳುತ್ತಿರುವುದು. ಹುಡುಕುವ ಮೊದಲೇ ಕೈಚೆಲ್ಲುವುದನ್ನು ಒಪ್ಪಲಾರೆ.

ಧಾರವಾಡದಿಂದ:

ಗೂಟದ ಪಟ್ಟಿ ಪರವಾಗಿಲ್ಲ. ಆದರೆ ತಲೆಬರಹದಲ್ಲಿ ಬರೀ 'ಗೂಟ' ಹಾಕಬೇಡಿ. ದನ ಕಟ್ಟುವ ಗೂಟ, ಗೂಟದ ಕಾರು ಇವೇ ಮೊದಲು ನೆನಪಾಗೋದು.

ಬಾಸ್ಟನ್‌ನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಸಲ ಬರುವಲ್ಲಿ 'ಶೇಕರ್ ಪಂಥದವರ ಕುರ್ಚಿ' ಅಂತ ಬರೆಯುತ್ತೇನೆ, ಆಗ ಶೇಖರ್ ಗೊಂದಲ ಇರೋದಿಲ್ಲ. ಆಮೇಲೆ ಬರೀ ಶೇಕರ್. ಗೋಡೆಯದಕ್ಕೆ ಗೂಟದ ಪಟ್ಟಿ, ಹೆಣಿಗೆಗೆ ನವಾರು. ನಂಬಿಗರು ಅನ್ನುವುದು ನನಗೆ ಇಷ್ಟವಾಯಿತು, ಅವರ ನಂಬಿಕೆಯ ಬಗ್ಗೆ ಹೇಳುವ ಪ್ಯಾರಾದಲ್ಲಿ ಅದನ್ನು ಬಳಸುತ್ತೇನೆ. ನಾಗಂದಿಗೆಗೂ ಜಾಗ ಸಿಕ್ಕಿದೆ: ಗೂಟಕ್ಕೆ ತೂಗುಹಾಕುವ ಸಣ್ಣ ಹಲಗೆಗೆ.

ಇನ್ನೊಂದು ಉಳಿದಿದೆ. ಹಿಂದಕ್ಕೆ ಒರಗಿದಾಗ ನೆಲಕ್ಕೆ ಗೀರು ಬೀಳದಿರಲಿ ಅಂತ, ಕೆಲವು ಕುರ್ಚಿಗಳ ಹಿಂದಿನ ಕಾಲಿನ ತುದಿಯಲ್ಲಿ ತಿರುಗುವ ಗುಂಡು ಕೂರಿಸುತ್ತಿದ್ದರು. 1852ರಲ್ಲಿ ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಂಡರು. ಅದಕ್ಕೆ ಬಡಗಿಗಳು ಏನನ್ನಬಹುದು?

ಶಿರಸಿಯಿಂದ:

ಗುಂಡುಗಾಲು. ಚಿತ್ರ ಇದ್ದರೆ ಪಕ್ಕಕ್ಕೆ ಹಾಕಿ.