ಅಪ್‌ಡೇಟ್: ಕಿರ್ಚಾಫ್ ನಿಯಮದ ಲೆಕ್ಕ ಈಗ ಬರ್ತಿದೆ

ಎಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ, ಈಗ ಸೆಕೆಂಡ್ ಪಿಯು ಸೈನ್ಸ್, ಕಿರ್ಚಾಫ್ ಲೆಕ್ಕದಲ್ಲಿ (ಸರ್ಕ್ಯೂಟಿನಲ್ಲಿ ಒಂದು ಸುತ್ತು ಬಂದು ವೋಲ್ಟೇಜುಗಳನ್ನೆಲ್ಲ ಪ್ಲಸ್ ಮೈನಸ್ ಸಮೇತ ಕೂಡಿದರೆ ಸೊನ್ನೆ ಬರುತ್ತೆ ಅನ್ನೋ ನಿಯಮ) ಪ್ಲಸ್ ಮೈನಸ್ ಪ್ರತಿ ಸಲ ತಪ್ಪುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಮೊದಲು ದೊಡ್ಡದಾಗಿ ಚಿತ್ರ ಬರಿ, ಕರೆಂಟಿನ ದಿಕ್ಕು ನೀನೇ ಇಟ್ಟುಕೋ, ಕೊನೇವರೆಗೂ ಬದಲಾಯಿಸಬೇಡ ಅಂತ ಒಬ್ಬ ಅಕ್ಕ ಹೇಳಿದ್ದರು. ಹಾಗೇ ಮಾಡಿದೆ.

ಒಂದೇ ಲೂಪ್. 9 ವೋಲ್ಟ್, 12 ವೋಲ್ಟಿನ ಎರಡು ಬ್ಯಾಟರಿ ಎದುರುಬದುರು, 2 ಓಮ್, 4 ಓಮ್ ರೆಸಿಸ್ಟರ್. 9 ವೋಲ್ಟ್ ತಳ್ಳುವ ಕಡೆಗೆ ಬಾಣ ಹಾಕಿದೆ. 9 − 12 = 6I (I ಅಂದರೆ ಕರೆಂಟ್, 6 ಅಂದರೆ 2 + 4 ಓಮ್), ಉತ್ತರ −0.5 ಆಂಪಿಯರ್. ಮೊದಲಾಗಿದ್ದರೆ ಮೈನಸ್ ನೋಡಿ ಪೂರ್ತಿ ಹೊಡೆದು ಹಾಕ್ತಿದ್ದೆ! ಕರೆಂಟ್ ನನ್ನ ಬಾಣಕ್ಕೆ ವಿರುದ್ಧ ಹರಿಯುತ್ತೆ ಅಂತ ಅಷ್ಟೇ ಅರ್ಥ. ಇದನ್ನ ಯಾರೂ ಬಿಡಿಸಿ ಹೇಳಿರಲಿಲ್ಲ.

ಲ್ಯಾಬಿನಲ್ಲಿ ಮೀಟರ್ ಬ್ರಿಡ್ಜ್ (ಒಂದು ಮೀಟರ್ ತಂತಿ ಇಟ್ಟು ಗೊತ್ತಿಲ್ಲದ ರೆಸಿಸ್ಟೆನ್ಸ್ ಕಂಡುಹಿಡಿಯೋ ಸಾಧನ) ಕೂಡ ಆಯಿತು. ಎಡಗಡೆ 2 ಓಮ್. ಜಾಕಿ, ಅಂದರೆ ತಂತಿಗೆ ಮುಟ್ಟಿಸೋ ಕಡ್ಡಿ, 40 ಸೆಂಟಿಮೀಟರಿಗೆ ಬಂದಾಗ ಕರೆಂಟ್ ತೋರಿಸೋ ಗ್ಯಾಲ್ವನೋಮೀಟರ್ ಮುಳ್ಳು ಸರಿಯಾಗಿ ಸೊನ್ನೆಗೆ ನಿಂತಿತು. 40 ಸೆಂಟಿಮೀಟರಿಗೆ 2 ಓಮ್ ಆದರೆ ಉಳಿದ 60ಕ್ಕೆ 3, ಹಾಗಾಗಿ ಬಲಗಡೆಯದು 3 ಓಮ್. ಎಷ್ಟು ಖುಷಿಯಾಯಿತು ಗೊತ್ತಾ!

ಇಂಗ್ಲಿಷ್ ಪದಗಳು ಇನ್ನೂ ಕಷ್ಟವೇ. ನೋಟ್‌ಬುಕ್ಕಿನ ಹಿಂದೆ ಕನ್ನಡದಲ್ಲಿ ಅರ್ಥ ಬರೆದಿಟ್ಟುಕೊಳ್ತಿದ್ದೀನಿ. ಥಿಯರಿಯ 70 ಅಂಕಕ್ಕೆ ಇನ್ನೂ ಓದೋದಿದೆ, ಮುಂದಿನ ವಾರ ಲೆನ್ಸ್ ಶುರು. ಅಕ್ಕ, ತುಂಬಾ ಥ್ಯಾಂಕ್ಸ್.