ಪದಚರ್ಚೆ: ನಿಯಾಂಡರ್ತಾಲರು ನಮಗೆ ಪೂರ್ವಜರೋ, ದಾಯಾದಿಗಳೋ, ಸೋದರಸಂಬಂಧಿಗಳೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮನುಷ್ಯನ ವಿಕಾಸವನ್ನು ಕುರಿತು ಕನ್ನಡದಲ್ಲಿ ಬರುವ ಸುದ್ದಿ, ಲೇಖನಗಳಲ್ಲಿ ನಿಯಾಂಡರ್ತಾಲರನ್ನು (ಯುರೋಪ್, ಏಷ್ಯಾಗಳಲ್ಲಿ ಬದುಕಿ ಅಳಿದುಹೋದ ಒಂದು ಮಾನವ ಗುಂಪು) ಒಂದೆಡೆ ‘ಆದಿಮಾನವರು’ ಎಂದೂ, ಇನ್ನೊಂದೆಡೆ ‘ನಮ್ಮ ಪೂರ್ವಜರು’ ಎಂದೂ, ಮತ್ತೊಂದೆಡೆ ‘ನಮ್ಮ ದಾಯಾದಿಗಳು’ ಎಂದೂ ಕರೆಯುವುದನ್ನು ನೀವೂ ಗಮನಿಸಿರಬಹುದು. ಈ ಮೂರೂ ಬೇರೆ ಬೇರೆ ಸಂಬಂಧವನ್ನು ಸೂಚಿಸುವ ಪದಗಳು. ಒಂದು ನಿಜವಾದರೆ ಉಳಿದೆರಡು ಸುಳ್ಳಾಗಬೇಕು, ಇಲ್ಲವೇ ಅರೆನಿಜವಾಗಬೇಕು. ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆದು ಓದುವ ವಿದ್ಯೆ ಬೆಳೆದ ಮೇಲೆ ಈ ಆಯ್ಕೆಯನ್ನು ಬರೆಯುವವರ ಅಭಿರುಚಿಗೆ ಬಿಡುವಂತಿಲ್ಲ. ಪ್ರೌಢಶಾಲೆಯ ಮಕ್ಕಳ ಓದಿಗಾಗಿ ಒಂದು ಬರಹವನ್ನು ಸಿದ್ಧಪಡಿಸುತ್ತಿರುವುದರಿಂದ ಬಳಗದ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

‘ಆದಿಮಾನವ’ ಎಂಬುದನ್ನು ಮೊದಲೇ ಬದಿಗಿಡಬಹುದೆಂದು ತೋರುತ್ತದೆ. ನಿಯಾಂಡರ್ತಾಲರು ಕಣ್ಮರೆಯಾದದ್ದು ಸುಮಾರು 40,000 ವರ್ಷಗಳ ಹಿಂದೆ. ಮೊರಾಕ್ಕೋದ ಜೆಬೆಲ್ ಇರ್ಹೂದ್‌ನಲ್ಲಿ ದೊರೆತ, ನಮ್ಮದೇ ಪ್ರಭೇದದ ಆರಂಭದ ರೂಪವೆಂದು 2017ರಲ್ಲಿ ಗುರುತಿಸಲಾದ ಮೂಳೆಗಳು ಸುಮಾರು 3 ಲಕ್ಷ ವರ್ಷ ಹಳೆಯವು. ಅಂದರೆ ನಾವೂ ಅವರೂ ಎರಡು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಭೂಮಿಯ ಮೇಲೆ ಏಕಕಾಲದಲ್ಲಿದ್ದವರು. ಹಾಗಿರುವಾಗ ಅವರು ಆದಿಯೂ ನಾವು ಅನಂತರದವರೂ ಆಗುವುದು ಹೇಗೆ? ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರ ತಂಡ ಅಗೆದು ತೆಗೆದ, ಸುಮಾರು 12 ಲಕ್ಷ ವರ್ಷ ಹಳೆಯವೆಂದು ಅಂದಾಜಿಸಲಾದ ಕಲ್ಲಿನ ಆಯುಧಗಳನ್ನು ಮಾಡಿದವರನ್ನು ‘ಆದಿಮಾನವ’ ಎಂದು ಕರೆದರೆ ನನ್ನ ಆಕ್ಷೇಪವಿಲ್ಲ. ಅಲ್ಲಿ ಆಯುಧ ಸಿಕ್ಕಿದೆಯೇ ಹೊರತು ಅದನ್ನು ಹಿಡಿದವರ ಎಲುಬು ಸಿಕ್ಕಿಲ್ಲವಾದ್ದರಿಂದ ಸಡಿಲವಾದ ಪದವೇ ಹೆಚ್ಚು ಪ್ರಾಮಾಣಿಕ. ನಿಯಾಂಡರ್ತಾಲರ ವಿಷಯ ಹಾಗಲ್ಲ. ಅವರ ಇಡೀ ಜೀನೋಮನ್ನೇ, ಅಂದರೆ ಡಿಎನ್‌ಎಯ ಪೂರ್ಣ ಪಾಠವನ್ನೇ, ಓದಿಯಾಗಿದೆ.

ಹೆಸರಿನ ಬಗ್ಗೆಯೂ ಒಂದು ಮಾತು. ಜರ್ಮನಿಯ ಡ್ಯುಸೆಲ್ಡಾರ್ಫ್ ಬಳಿಯ ನಿಯಾಂಡರ್ ಕಣಿವೆಯಲ್ಲಿ 1856ರಲ್ಲಿ ಸುಣ್ಣಕಲ್ಲಿನ ಗಣಿಯ ಕೆಲಸಗಾರರಿಗೆ ಈ ಹೆಸರಿಗೆ ಕಾರಣವಾದ ಮೂಳೆಗಳು ಸಿಕ್ಕಿದವು. ಆ ಕಣಿವೆಗೆ ಹೆಸರು ಬಂದದ್ದು ಹದಿನೇಳನೆಯ ಶತಮಾನದ ಪಾದ್ರಿ, ಕೀರ್ತನಕಾರ ಯೋಆಖಿಮ್ ನಿಯಾಂಡರ್ ಅವರಿಂದ. ಅವರ ಮನೆತನದ ಮೂಲ ಹೆಸರು ನೋಯ್‌ಮನ್. ಅದನ್ನು ಗ್ರೀಕಿಗೆ ತಿರುಗಿಸಿ ನಿಯಾಂಡರ್ ಎಂದು ಮಾಡಿಕೊಂಡಿದ್ದರು. ಎರಡರ ಅರ್ಥವೂ ‘ಹೊಸ ಮನುಷ್ಯ’! ನಾವು ಆದಿಮಾನವನೆಂದು ಕರೆಯುತ್ತಿರುವವನ ಹೆಸರಿನಲ್ಲೇ ಹೊಸಬನೆಂಬ ಅರ್ಥವಿದೆ. ‘ಥಲ್’ ಎಂದು ಮಹಾಪ್ರಾಣ ಹಾಕುವುದೂ ಬೇಡ. ಕಣಿವೆ ಎಂಬ ಅರ್ಥದ ಆ ಜರ್ಮನ್ ಪದದ ಉಚ್ಚಾರಣೆ ಯಾವತ್ತೂ ‘ತಾಲ್’ ಎಂದೇ ಇತ್ತು. ಕಾಗುಣಿತದಲ್ಲಿದ್ದ ಹಕಾರವನ್ನು ಜರ್ಮನರೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈಬಿಟ್ಟರು.

ಇನ್ನು ‘ಪೂರ್ವಜ’. ಅಮರಕೋಶದಲ್ಲಿ ಈ ಪದ ಅಗ್ರಿಯ, ಅಗ್ರಜ ಎಂಬವುಗಳ ಜೊತೆ ಅಣ್ಣನ ಪರ್ಯಾಯವಾಗಿ ಬರುತ್ತದೆ; ‘ಮೊದಲು ಹುಟ್ಟಿದವನು’ ಎಂಬುದಷ್ಟೇ ಅದರ ಧಾತ್ವರ್ಥ. ಆ ಅರ್ಥವೇ ಉಳಿದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲವೇನೋ. ಆದರೆ ಇಂದಿನ ಕನ್ನಡದಲ್ಲಿ ಪೂರ್ವಜರೆಂದರೆ ಯಾರ ಸಂತತಿಯಲ್ಲಿ ನಾವು ಹುಟ್ಟಿದೆವೋ ಅವರು, ತಾತ ಮುತ್ತಾತಂದಿರ ಸಾಲು. 1997ರಲ್ಲಿ ನಿಯಾಂಡರ್ ಕಣಿವೆಯ ಅದೇ ಮೂಳೆಯಿಂದ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ತುಣುಕನ್ನು ಓದಿದಾಗ ಅದು ಇಂದಿನ ಯಾವ ಮನುಷ್ಯರಲ್ಲೂ ಕಾಣದಷ್ಟು ಭಿನ್ನವಾಗಿತ್ತು. ಹಾಗಾಗಿ ಅವರು ಸಂತತಿಯಿಲ್ಲದೆ ಅಳಿದ ಕವಲು, ಪೂರ್ವಜರಲ್ಲ ಎಂಬ ಅಭಿಪ್ರಾಯ ಬಲವಾಯಿತು. 2010ರಲ್ಲಿ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸ್ವಾಂಟೆ ಪಾಬೊ ಅವರ ತಂಡ ಜೀವಕೋಶಕೇಂದ್ರದ ಡಿಎನ್‌ಎಯ ಕರಡು ಜೀನೋಮನ್ನು ಪ್ರಕಟಿಸಿದಾಗ ಲೆಕ್ಕ ತಿರುವುಮುರುವಾಯಿತು: ಆಫ್ರಿಕಾದ ಹೊರಗಿನ ಎಲ್ಲ ಜನರಲ್ಲೂ ನಿಯಾಂಡರ್ತಾಲರ ಅಂಶ ಇತ್ತು. ಈಗಿನ ಅಂದಾಜಿನಲ್ಲಿ ಅದು ಶೇಕಡಾ 1ರಿಂದ 2ರಷ್ಟು. ಪಾಬೊ ಅವರಿಗೆ 2022ರ ನೊಬೆಲ್ ಪ್ರಶಸ್ತಿ ಬಂದದ್ದು ಈ ಕ್ಷೇತ್ರವನ್ನು ಕಟ್ಟಿದ್ದಕ್ಕೆ. ನಮ್ಮವರೂ ಅವರೂ ಕೂಡಿ ಮಕ್ಕಳನ್ನು ಪಡೆದ ಆ ಬೆರೆಯುವಿಕೆ ಸುಮಾರು 50,500ರಿಂದ 43,500 ವರ್ಷಗಳ ಹಿಂದಿನ ಅವಧಿಯಲ್ಲಿ, ಹಲವು ಸಾವಿರ ವರ್ಷ ನಡೆಯಿತೆಂದು 2024ರ ಕೊನೆಯಲ್ಲಿ ಬಂದ ಒಂದು ಅಧ್ಯಯನ ಅಂದಾಜಿಸಿದೆ.

ಹೀಗಾಗಿ ‘ಪೂರ್ವಜ’ ಎಂಬುದು ತಪ್ಪಲ್ಲ, ಆದರೆ ಅದು ನೂರರಲ್ಲಿ ಒಂದೆರಡು ಪಾಲಿನ ಸತ್ಯ. ಅದರ ಹಿಂದೆ ‘ನಮ್ಮ’ ಎಂಬ ಪದ ಸೇರಿದರೆ ಇನ್ನೊಂದು ತೊಡಕು ಹುಟ್ಟುತ್ತದೆ. ಆಫ್ರಿಕಾದ ಜನರಲ್ಲಿ ಈ ಅಂಶ ಅತ್ಯಲ್ಪ. ಇರುವಷ್ಟೂ ಬಹುಪಾಲು ಹೊರಗಿನಿಂದ ಮರಳಿ ಹೋದವರ ಮೂಲಕ ಸೇರಿದ್ದು. ಮಾನವಕುಲದ ಪರವಾಗಿ ‘ನಮ್ಮ ಪೂರ್ವಜರು’ ಎಂದು ಬರೆಯುವವರು ಒಂದು ಇಡೀ ಖಂಡದ ಜನರನ್ನು ಅರಿವಿಲ್ಲದೆ ಆ ‘ನಮ್ಮ’ದಿಂದ ಹೊರಗಿಡುತ್ತಾರೆ.

ನನ್ನನ್ನು ಹೆಚ್ಚು ಕಾಡಿದ ಪದ ‘ದಾಯಾದಿ’. ದಾಯವೆಂದರೆ ಪಿತ್ರಾರ್ಜಿತದ ಪಾಲು. ಅದನ್ನು ಪಡೆಯುವವನು ದಾಯಾದ. ಕನ್ನಡದಲ್ಲಿ ಇದು ಗಂಡುಸಂತತಿಯ ಕವಲುಗಳಿಗೆ ಸಲ್ಲುವ ಪದ, ‘ಅಣ್ಣತಮ್ಮಿಕೆ’ಯವರು ಎಂದು ಹಳ್ಳಿಗಳಲ್ಲಿ ಹೇಳುವುದೂ ಇವರನ್ನೇ. ಈ ಕಟ್ಟುನಿಟ್ಟಿನ ಅರ್ಥದಲ್ಲೂ ಪದ ಹೊಂದುತ್ತದೆಂಬುದು ಸೋಜಿಗ. ತಂದೆಯಿಂದ ಮಗನಿಗಷ್ಟೇ ಹೋಗುವ ವೈ ವರ್ಣತಂತುವನ್ನು 2020ರಲ್ಲಿ ಹೋಲಿಸಿ ನೋಡಿದಾಗ, ಕೊನೆಗಾಲದ ನಿಯಾಂಡರ್ತಾಲ್ ಗಂಡಸರ ವೈ ನಮ್ಮದರಿಂದ ಕವಲೊಡೆದದ್ದು ಸುಮಾರು 3.7 ಲಕ್ಷ ವರ್ಷಗಳ ಹಿಂದೆ ಎಂದು ತಿಳಿಯಿತು. ಜೀವಕೋಶಕೇಂದ್ರದ ಉಳಿದ ಡಿಎನ್‌ಎಯಲ್ಲಿ ಅವರಿಗೆ ಹತ್ತಿರದವರಾದ ಡೆನಿಸೋವರ (ಸೈಬೀರಿಯಾದ ಡೆನಿಸೋವಾ ಗುಹೆಯ ಮೂಳೆಗಳಿಂದ ಗುರುತಿಸಿದ, ಅಳಿದುಹೋದ ಇನ್ನೊಂದು ಮಾನವ ಗುಂಪು) ವೈ ಮಾತ್ರ ಸುಮಾರು 7 ಲಕ್ಷ ವರ್ಷಗಳಷ್ಟು ದೂರ ನಿಂತಿತ್ತು. ನಮ್ಮ ಕಡೆಯ ಕವಲೊಂದರ ಗಂಡಸರು ಬಹಳ ಹಿಂದೆಯೇ ಅವರೊಡನೆ ಬೆರೆತು, ಕ್ರಮೇಣ ಅವರ ಹಳೆಯ ವೈ ಅಳಿದು ನಮ್ಮ ಕಡೆಯದು ನೆಲೆಯೂರಿತೆಂಬುದು ಇದಕ್ಕೆ ಕೊಡುವ ವಿವರಣೆ. ಗಂಡುಸಂತತಿಯ ಲೆಕ್ಕದಲ್ಲಿ ಅವರು ನಮಗೆ ಅಕ್ಷರಶಃ ದಾಯಾದಿಗಳು.

ಪಾಲಿನ ಮಾತೂ ಹೊಂದುತ್ತದೆ. ಕೋವಿಡ್ ರೋಗಿಗಳಲ್ಲಿ ಉಸಿರಾಟ ಕುಸಿಯುವ ಅಪಾಯವನ್ನು ಹೆಚ್ಚಿಸುವ, ಮೂರನೆಯ ವರ್ಣತಂತುವಿನ ಒಂದು ತುಂಡು ನಿಯಾಂಡರ್ತಾಲರಿಂದ ಬಂದದ್ದೆಂದು 2020ರಲ್ಲಿ ಗೊತ್ತಾಯಿತು. ಅದು ಯುರೋಪಿನಲ್ಲಿ ಸುಮಾರು ಶೇಕಡಾ 16 ಜನರಲ್ಲಿದ್ದರೆ ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿದೆ. ಅದೇ ರೋಗದಲ್ಲಿ ರಕ್ಷಣೆ ಕೊಡುವ, ಹನ್ನೆರಡನೆಯ ವರ್ಣತಂತುವಿನ ಇನ್ನೊಂದು ತುಂಡೂ ಅವರದೇ. ಆಸ್ತಿಯ ಜೊತೆ ಸಾಲವೂ ಪಾಲಿಗೆ ಬಂದಿದೆ.

ಆದರೂ ಈ ಪದವನ್ನು ಬಳಸಲು ನನಗೆ ಎರಡು ಅಡ್ಡಿಗಳಿವೆ. ಕನ್ನಡದ ಕಿವಿಗೆ ದಾಯಾದಿ ಎಂದೊಡನೆ ಮತ್ಸರ, ಕಲಹ, ಕೋರ್ಟು ಕೇಳಿಸುತ್ತವೆ. ‘ದಾಯಾದಿಗಳನ್ನು ನಾವೇ ಮುಗಿಸಿದೆವು’ ಎಂಬ ಕಥೆಯನ್ನು ಆ ಪದ ತನ್ನಿಂದ ತಾನೇ ಹೇಳಿಬಿಡುತ್ತದೆ. ನಿಯಾಂಡರ್ತಾಲರು ಏಕೆ ಅಳಿದರೆಂಬುದು ಇನ್ನೂ ಇತ್ಯರ್ಥವಾಗದ ವಿಷಯ. ಅವರು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಚದುರಿದ್ದರು; ಸೈಬೀರಿಯಾದ ಆಲ್ತಾಯ್‌ನ ಒಬ್ಬ ಹೆಂಗಸಿನ ತಂದೆತಾಯಿ ಮಲಸೋದರರಷ್ಟು ಹತ್ತಿರದ ರಕ್ತಸಂಬಂಧಿಗಳಾಗಿದ್ದರೆಂದು ಅವಳ ಜೀನೋಮು ಹೇಳುತ್ತದೆ. ಅಂಥವರ ಅಳಿವಿಗೆ ಕಾಳಗವೊಂದೇ ಕಾರಣವೆನ್ನಲು ಆಧಾರ ಸಾಲದು. ಎರಡನೆಯ ಅಡ್ಡಿ ನಮ್ಮ ಸಮಾಜದ್ದು. ಗೋತ್ರವಿರಲಿ, ಬೆಡಗಿರಲಿ, ಬಳಿಯಿರಲಿ, ದಾಯಾದಿಗಳ ಮನೆಯಿಂದ ಹೆಣ್ಣು ತರುವ ವಾಡಿಕೆ ನಮ್ಮ ಬಹುತೇಕ ಸಮುದಾಯಗಳಲ್ಲಿ ಇಲ್ಲ. ನಿಯಾಂಡರ್ತಾಲರೊಡನೆ ನಮಗಿದ್ದ ನಂಟು ಕೂಡಿ ಮಕ್ಕಳನ್ನು ಪಡೆದ ನಂಟು.

ಇಲ್ಲಿ ವಿಜ್ಞಾನೇಶ್ವರನ ನೆನಪಾಗದೆ ಇರದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ಆತ, ಸಪಿಂಡತೆ ಎಂದರೆ ಒಂದೇ ಶರೀರದ ಅವಯವಗಳ ಅನ್ವಯ ಎಂದು ವಿವರಿಸುತ್ತಾನೆ. ಹೀಗೆ ಹೇಳಿದರೆ ಅನಾದಿಯಾದ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ಹೇಗೋ ಸಪಿಂಡರಾಗಿಬಿಡುವ ಅತಿಪ್ರಸಂಗ, ಅಂದರೆ ಅರ್ಥ ಮಿತಿಮೀರಿ ಹಬ್ಬುವ ದೋಷ, ಇದೆಯೆಂದು ತಾನೇ ಎತ್ತಿ ತೋರಿಸಿ, ತಾಯಿಯ ಕಡೆ ಐದು, ತಂದೆಯ ಕಡೆ ಏಳು ತಲೆಮಾರಿಗೆ ಎಲ್ಲೆ ಎಂಬ ನಿಯಮದಿಂದ ಅದನ್ನು ಪರಿಹರಿಸುತ್ತಾನೆ. ಧರ್ಮಶಾಸ್ತ್ರಕ್ಕೆ ಎಲ್ಲೆ ಬೇಕಿತ್ತು. ತಳಿಶಾಸ್ತ್ರ ಆ ಎಲ್ಲೆಯಾಚೆಗೂ ಎಣಿಸುತ್ತದೆ. ‘ಸಪಿಂಡ’ವನ್ನು ಮಕ್ಕಳ ಬರಹದಲ್ಲಿ ಬಳಸುವಂತಿಲ್ಲ, ಶ್ರಾದ್ಧದ ನೆನಪು ಅದಕ್ಕೆ ಬಲವಾಗಿ ಅಂಟಿದೆ.

ಉಳಿದದ್ದು ‘ಸೋದರಸಂಬಂಧಿ’. ಪತ್ರಿಕೆಗಳಲ್ಲಿ ಇದು ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳೆಲ್ಲರಿಗೂ ಒಟ್ಟಾಗಿ ಸಲ್ಲುತ್ತಿದೆ. ಮನೆಮಾತಿನಲ್ಲಾದರೋ ‘ಸೋದರಸಂಬಂಧ’ವೆಂದರೆ ಸೋದರಮಾವ, ಸೋದರತ್ತೆಯ ಕಡೆ ಹೆಣ್ಣು ಕೊಟ್ಟು ತರುವ ನಂಟು, ರಕ್ತವೂ ಮದುವೆಯೂ ಕೂಡುವ ಎಡೆ ಅದೇ. ಬೇರೆ ಕವಲಿನವರು, ಆದರೂ ಕೂಡಿ ಬಾಳಬಹುದಾದವರು ಎಂಬ ಎರಡು ಅಂಶವನ್ನೂ ಇಷ್ಟು ಅಚ್ಚುಕಟ್ಟಾಗಿ ಹೇಳುವ ಬೇರೆ ಪದ ನನಗೆ ಕಾಣಲಿಲ್ಲ. ನಿಯಾಂಡರ್ತಾಲ್ ಮತ್ತು ಡೆನಿಸೋವರಿಗೆ ಇದನ್ನೇ ನಿಲ್ಲಿಸಿ, ‘ಪೂರ್ವಜ’ವನ್ನು ನೇರ ಸಾಲಿಗೆ ಮೀಸಲಿಡಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಮಧ್ಯಪ್ರದೇಶದ ಹಥ್ನೋರಾದಲ್ಲಿ 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ದೊರೆತ ತಲೆಬುರುಡೆಯ ‘ನರ್ಮದಾ ಮಾನವ’ ಯಾವ ಸಾಲಿಗೆ ಸೇರಬೇಕೆಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲದ್ದರಿಂದ ಅದಕ್ಕೆ ಯಾವ ಸಂಬಂಧವಾಚಕವೂ ಬೇಡ, ದೊರೆತ ಎಡೆಯ ಹೆಸರು ಸಾಕು.

ಬಳಗದವರನ್ನು ಕೇಳಬೇಕಾದದ್ದು ಎರಡಿದೆ. ಉತ್ತರ ಕರ್ನಾಟಕ, ಕರಾವಳಿಗಳ ಮನೆಮಾತಿನಲ್ಲೂ ‘ಸೋದರಸಂಬಂಧ’ಕ್ಕೆ ಮದುವೆಯ ಅರ್ಥ ಹೀಗೆಯೇ ಇದೆಯೇ, ಅಥವಾ ಅಲ್ಲಿ ಬೇರೆ ಪದ ಉಂಟೇ? ಇನ್ನೊಂದು, ಡೆನಿಸೋವಾ ಗುಹೆಯ ಒಂದು ಎಲುಬಿನ ತುಣುಕು ನಿಯಾಂಡರ್ತಾಲ್ ತಾಯಿಗೂ ಡೆನಿಸೋವ ತಂದೆಗೂ ಹುಟ್ಟಿದ ಹುಡುಗಿಯದೆಂದು 2018ರಲ್ಲಿ ಗುರುತಿಸಿದರಲ್ಲ, ಅವಳನ್ನು ಏನೆನ್ನುವುದು? ‘ಸಂಕರ’ ಎಂದರೆ ವರ್ಣಸಂಕರದ ಹಳೆಯ ನಿಂದೆ ಬರುತ್ತದೆ, ‘ಬೆರಕೆ’ ಬೈಗುಳವಾಗಿದೆ, ‘ಮಿಶ್ರತಳಿ’ ಹಸು ಮತ್ತು ಜೋಳದ ಮಾತು. ಸದ್ಯಕ್ಕೆ ‘ಎರಡೂ ಕಡೆಯ ಮಗಳು’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ.